ಓದುಗರ ಪ್ರಶ್ನೆಗೆ ಉತ್ತರ: ಕಲಿಕೆ ಮುಂದೆ ಸಾಗುತ್ತಿಲ್ಲ ಎನ್ನಿಸಿದಾಗ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ಹೇಳಿಕೊಂಡಿವೆ. ಹೊಸದೊಂದು ವಿದ್ಯೆಯನ್ನೋ ಕಸುಬನ್ನೋ ಕಲಿಯಲು ಮನಸ್ಸಿಟ್ಟು ಕುಳಿತವರಿಗೆ, ಕೆಲವು ತಿಂಗಳು ಕಳೆಯುವಷ್ಟರಲ್ಲಿ, ಕೈ ಕುದುರುತ್ತಲೇ ಇಲ್ಲ ಎಂಬ ಬೇಸರ ಕಾಡತೊಡಗಿದೆ. ಪತ್ರಗಳನ್ನು ಸಂಕ್ಷೇಪಿಸಿ, ಹೆಸರುಗಳನ್ನು ಕೈಬಿಟ್ಟು, ಐದಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲ ಪತ್ರದ ವಿಷಯ ಉಳಿದವರಿಗೂ ಸಂಬಂಧಿಸಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನಗೆ ಮೂವತ್ತೊಂಬತ್ತು ವರ್ಷ. ಮಕ್ಕಳಿಬ್ಬರೂ ಹೈಸ್ಕೂಲು ಸೇರಿದ ಮೇಲೆ ಮನೆಯ ಹತ್ತಿರದ ಹೊಲಿಗೆ ತರಗತಿಗೆ ಸೇರಿಕೊಂಡೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೋಗಲು ಆಗುವುದಿಲ್ಲ. ನನ್ನ ನಂತರ ಸೇರಿದ ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಇದ್ದು, ಆಗಲೇ ಲೈನಿಂಗ್ ಬ್ಲೌಸ್ ಹೊಲಿಯುತ್ತಿದ್ದಾರೆ. ಮೊದಲೆರಡು ತಿಂಗಳು ಲಂಗ, ಮಕ್ಕಳ ಚಡ್ಡಿ, ದಿಂಬಿನ ಕವರು ಎಲ್ಲವನ್ನೂ ಬೇಗ ಕಲಿತೆ. ಈಗ ಬ್ಲೌಸಿಗೆ ತೋಳು ಕೂಡಿಸುವಲ್ಲಿ ನಿಂತುಬಿಟ್ಟಿದ್ದೇನೆ. ಎಷ್ಟು ಸಲ ಬಿಚ್ಚಿ ಹೊಲಿದರೂ ಹೆಗಲಿನ ಹತ್ತಿರ ನೆರಿಗೆ ಬೀಳುತ್ತದೆ. ಮನೆಯಲ್ಲಿ “ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು” ಎನ್ನುತ್ತಾರೆ. ಬಿಟ್ಟುಬಿಡಲೇ?
(ಗೃಹಿಣಿ, ಹಾಸನ)

ಉತ್ತರ: ದಯವಿಟ್ಟು ಈಗ ಬಿಡಬೇಡಿ. ನೀವೇ ಬರೆದಿರುವ ವಿವರಗಳನ್ನು ನೋಡಿದರೆ ನಿಮ್ಮ ಕಲಿಕೆ ಚೆನ್ನಾಗಿಯೇ ನಡೆದಿದೆ, ಅದನ್ನು ಅಳೆಯುತ್ತಿರುವ ರೀತಿಯಲ್ಲಿ ಮಾತ್ರ ತೊಡಕಿದೆ. ನಿಮ್ಮ ನಂತರ ಸೇರಿದವರು ಎಷ್ಟು ದಿನಗಳಲ್ಲಿ ಎಲ್ಲಿಗೆ ತಲುಪಿದರು ಎಂದು ಲೆಕ್ಕ ಹಾಕುತ್ತಿದ್ದೀರಿ. ಎಷ್ಟು ಗಂಟೆ ಮಷೀನಿನ ಮುಂದೆ ಕುಳಿತು ಅಲ್ಲಿಗೆ ತಲುಪಿದರು ಎಂದು ಕೇಳಿಕೊಂಡರೆ ಚಿತ್ರವೇ ಬೇರೆಯಾಗುತ್ತದೆ, ಏಕೆಂದರೆ ಅವರ ಒಂದು ದಿನದ ಅಭ್ಯಾಸ ನಿಮ್ಮ ಒಂದು ವಾರದ ಅಭ್ಯಾಸಕ್ಕೆ ಸಮ.

ಈ ವಿಷಯವನ್ನು ನೇರವಾಗಿ ಪರೀಕ್ಷಿಸಿದ ಪ್ರಯೋಗವೊಂದಿದೆ. ಬ್ರಿಟನ್ನಿನ ಅಂಚೆ ನೌಕರರಿಗೆ ಕೀಬೋರ್ಡ್ ಬಳಸಿ ಟೈಪ್ ಮಾಡುವುದನ್ನು ಕಲಿಸಬೇಕಾಗಿ ಬಂದಾಗ, ಮನಶ್ಶಾಸ್ತ್ರಜ್ಞರಾದ ಅಲನ್ ಬ್ಯಾಡ್‌ಲಿ ಮತ್ತು ಲಾಂಗ್‌ಮನ್ ಆ ನೌಕರರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆಯ ಅಭ್ಯಾಸ, ಎರಡು ಗುಂಪುಗಳಿಗೆ ಒಟ್ಟು ಎರಡು ಗಂಟೆ, ಕೊನೆಯ ಗುಂಪಿಗೆ ಎರಡೆರಡು ಗಂಟೆಯಂತೆ ಎರಡು ಹೊತ್ತು. 1978ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ದಿನಕ್ಕೆ ಒಂದೇ ಗಂಟೆ ಕುಳಿತವರು ಎಲ್ಲರಿಗಿಂತ ಕಡಿಮೆ ಗಂಟೆಗಳಲ್ಲಿ ಕೀಬೋರ್ಡನ್ನು ಕಲಿತರು. ನಾಲ್ಕು ಗಂಟೆ ಕುಳಿತವರು ಕ್ಯಾಲೆಂಡರಿನ ಲೆಕ್ಕದಲ್ಲಿ ಮೊದಲು ಮುಗಿಸಿದರೂ, ಅದಕ್ಕಾಗಿ ಖರ್ಚು ಮಾಡಿದ ಒಟ್ಟು ಗಂಟೆಗಳು ಹೆಚ್ಚು. ನಿಮ್ಮ ಪತ್ರ ಓದಿದಾಗ ನನಗೆ ತಕ್ಷಣ ನೆನಪಾದದ್ದು ಇದರ ಇನ್ನೊಂದು ಅಂಶ: ತಮ್ಮ ತರಬೇತಿಯ ಬಗ್ಗೆ ಅತ್ಯಂತ ಅಸಮಾಧಾನ ಹೇಳಿಕೊಂಡವರು ಆ ಒಂದು ಗಂಟೆಯ ಗುಂಪಿನವರೇ. ಉಳಿದವರು ತಮ್ಮನ್ನು ಹಿಂದೆ ಹಾಕಿ ಹೋಗುತ್ತಿರುವುದು ಅವರ ಕಣ್ಣಿಗೆ ಕಾಣುತ್ತಿತ್ತು, ತಮ್ಮ ಪ್ರತಿಯೊಂದು ಗಂಟೆಯೂ ಹೆಚ್ಚು ಫಲ ಕೊಡುತ್ತಿದೆ ಎಂಬುದು ಕಾಣುತ್ತಿರಲಿಲ್ಲ. ಕಲಿಯುವವರ ಬೇಸರವನ್ನೇ ಕಲಿಕೆಯ ಅಳತೆಯೆಂದು ನಂಬಬಾರದು ಎಂದು ನಾನು ಪದೇಪದೇ ಬರೆಯುವುದಕ್ಕೆ ಇಂಥ ಪುರಾವೆಗಳೇ ಕಾರಣ.

ಇನ್ನು ಮೊದಲೆರಡು ತಿಂಗಳು ಸರಾಗವಾಗಿ ಸಾಗಿ ಆಮೇಲೆ ನಿಂತಂತಾದ ವಿಚಾರ. ಇದೂ ಹಳೆಯ ಅನುಭವವೇ. ಅಮೆರಿಕದ ಬ್ರಯನ್ ಮತ್ತು ಹಾರ್ಟರ್ ಎಂಬ ಸಂಶೋಧಕರು 1897 ಮತ್ತು 1899ರಲ್ಲಿ, ತಂತಿ ಸಂದೇಶ ಕಳಿಸುವ ಮತ್ತು ಸ್ವೀಕರಿಸುವ ಕೆಲಸ ಕಲಿಯುತ್ತಿದ್ದವರ ಪ್ರಗತಿಯನ್ನು ರೇಖೆಯಲ್ಲಿ ಗುರುತಿಸಿ ಪ್ರಕಟಿಸಿದರು. ಸಂದೇಶ ಕಳಿಸುವ ವೇಗ ಒಂದೇ ಸಮನೆ ಏರಿತು. ಆದರೆ ಯಂತ್ರದ ಟಕಟಕ ಸದ್ದನ್ನು ಕೇಳಿ ಬರೆದುಕೊಳ್ಳುವ ವೇಗ ಸ್ವಲ್ಪ ಕಾಲ ಏರಿ, ವಾರಗಟ್ಟಲೆ ಒಂದೇ ಮಟ್ಟದಲ್ಲಿ ನಿಂತು, ಮತ್ತೆ ಏರಿತು. ಒಂದೊಂದು ಅಕ್ಷರವನ್ನು ಬಿಡಿಬಿಡಿಯಾಗಿ ಗುರುತಿಸುತ್ತಿದ್ದ ಕಿವಿ ಇಡೀ ಪದವನ್ನು ಒಟ್ಟಾಗಿ ಹಿಡಿಯಲು ಕಲಿಯುವ ಅವಧಿಯೇ ಆ ನಿಲುಗಡೆ ಎಂದು ಅವರು ವಿವರಿಸಿದರು. ಎಲ್ಲ ಕಲಿಕೆಯಲ್ಲೂ ಎಲ್ಲರಿಗೂ ಇಂಥ ನಿಲುಗಡೆ ಬರುವುದಿಲ್ಲವೆಂದು ಮುಂದಿನ ಸಂಶೋಧಕರು ವಾದಿಸಿದ್ದಾರೆ, ಆದ್ದರಿಂದ ಇದನ್ನು ನಿಯಮವೆಂದು ಹೇಳಲಾರೆ. ಆದರೂ ನಿಮ್ಮ ವಿಷಯದಲ್ಲಿ ಈ ವಿವರಣೆ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಲಂಗ, ಚಡ್ಡಿ, ದಿಂಬಿನ ಕವರುಗಳಲ್ಲಿ ಸಮಸಮವಾದ ಎರಡು ಅಂಚುಗಳನ್ನು ಜೋಡಿಸಿದ್ದಿರಿ. ತೋಳು ಕೂಡಿಸುವಾಗ ಹೊರಕ್ಕೆ ಉಬ್ಬಿದ ಒಂದು ಅಂಚನ್ನು ಒಳಕ್ಕೆ ಬಾಗಿದ ಇನ್ನೊಂದು ಅಂಚಿಗೆ ಸೇರಿಸಬೇಕು. ಅದು ಬೇರೆಯದೇ ವಿದ್ಯೆ.

ನೆರಿಗೆಯ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಹೆಗಲಿನ ದುಂಡುತನಕ್ಕೆ ಜಾಗ ಬೇಕಾದ್ದರಿಂದ ತೋಳಿನ ಮೇಲಂಚು ಕಂಕುಳ ಸುತ್ತಿಗಿಂತ ತುಸು ಉದ್ದವಾಗಿಯೇ ಇರುತ್ತದೆ. ಕಂಕುಳಿನಿಂದ ಆರಂಭಿಸಿ ನೇರವಾಗಿ ಹೊಲಿಯುತ್ತಾ ಹೋದರೆ ಆ ಹೆಚ್ಚುವರಿ ಬಟ್ಟೆಯೆಲ್ಲ ಒಂದೇ ಕಡೆ ಸೇರಿ ನೆರಿಗೆಯಾಗುತ್ತದೆ. ತೋಳನ್ನು ಉದ್ದಕ್ಕೆ ಮಡಚಿ ಮೇಲಂಚಿನ ನಡುವೆ ಚಾಕ್‌ಪೀಸಿನಿಂದ ಗುರುತು ಹಾಕಿ, ಆ ಗುರುತನ್ನು ಹೆಗಲಿನ ಹೊಲಿಗೆಗೆ ಪಿನ್ ಮಾಡಿ, ಎರಡೂ ತುದಿಗಳನ್ನು ಕಂಕುಳಲ್ಲಿ ಪಿನ್ ಮಾಡಿ, ನಡುವಿನ ಬಟ್ಟೆಯನ್ನು ಬೆರಳಿನಿಂದ ಸಮನಾಗಿ ಹರಡುತ್ತಾ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಮಷೀನಿಗೆ ಇಡುವಾಗ ತೋಳಿನ ಬಟ್ಟೆ ಕೆಳಗಿರಲಿ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳು ಕೆಳಗಿನ ಪದರವನ್ನು ತುಸು ಹೆಚ್ಚಾಗಿ ಎಳೆದುಕೊಳ್ಳುವುದರಿಂದ ಹೆಚ್ಚುವರಿ ಬಟ್ಟೆ ನೆರಿಗೆಯಾಗದೆ ಅಡಗುತ್ತದೆ. ಇಡೀ ಬ್ಲೌಸನ್ನು ಮತ್ತೆ ಮತ್ತೆ ಬಿಚ್ಚುವ ಬದಲು, ಹಳೆಯ ಪಂಚೆಯ ತುಂಡಿನಲ್ಲಿ ಹೆಗಲು ಮತ್ತು ತೋಳನ್ನಷ್ಟೇ ಕತ್ತರಿಸಿಕೊಂಡು ಕೂಡಿಸಿ ನೋಡಿ. ಪ್ರತಿಯೊಂದು ತುಂಡಿಗೂ ದಿನಾಂಕ ಬರೆದು ಒಂದು ಚೀಲದಲ್ಲಿ ಇಟ್ಟುಕೊಳ್ಳಿ. ತಿಂಗಳ ಕೊನೆಗೆ ಮೊದಲ ತುಂಡನ್ನೂ ಕೊನೆಯ ತುಂಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಪಕ್ಕದ ಹುಡುಗಿಯ ಕೆಲಸ ನೋಡಿ ಸಿಗದ ಉತ್ತರ ಅಲ್ಲಿ ಸಿಗುತ್ತದೆ. ಮನೆಯವರ ಮಾತಿಗೂ ಅದನ್ನೇ ತೋರಿಸಿ.

ಬಿಡುವುದೇ ಸರಿ ಎನ್ನಿಸುವ ಸಂದರ್ಭಗಳೂ ಇಲ್ಲದಿಲ್ಲ. ತಪ್ಪು ಎಲ್ಲಿದೆ ಎಂದು ಕಲಿಸುವವರು ನಿಮ್ಮ ಬಟ್ಟೆಯನ್ನು ಕೈಗೆತ್ತಿಕೊಂಡು ತೋರಿಸದೆ “ಇನ್ನೊಂದು ಸಲ ಹೊಲಿಯಿರಿ” ಎಂದಷ್ಟೇ ಹೇಳುತ್ತಿದ್ದರೆ, ಬಿಡಬೇಕಾದದ್ದು ಆ ತರಗತಿಯನ್ನು. ಹೊಲಿಗೆಯನ್ನು ಬಿಡುವ ಅಗತ್ಯವಿಲ್ಲ.

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ. ಎಂಟು ತಿಂಗಳಿಂದ ಯೂಟ್ಯೂಬ್ ವಿಡಿಯೋಗಳನ್ನು ನೋಡಿ ಪೈಥಾನ್ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ನೋಡುವಾಗ ಎಲ್ಲವೂ ಅರ್ಥವಾಗುತ್ತದೆ. ನಾನೇ ಬರೆಯಲು ಕುಳಿತರೆ ಒಂದು ಸಾಲೂ ಹೊಳೆಯುವುದಿಲ್ಲ. ನನಗೆ ಈ ವಿದ್ಯೆ ತಲೆಗೆ ಹತ್ತುವುದಿಲ್ಲವೇ?
(ಯುವಕ, ಚಿಕ್ಕಮಗಳೂರು)

ಉತ್ತರ: ನೋಡಿ ಅರ್ಥ ಮಾಡಿಕೊಳ್ಳುವುದನ್ನು ನೀವು ಎಂಟು ತಿಂಗಳು ಅಭ್ಯಾಸ ಮಾಡಿದ್ದೀರಿ, ಅದು ನಿಮಗೆ ಬಂದಿದೆ. ಖಾಲಿ ಪುಟದಿಂದ ಬರೆಯುವುದನ್ನು ಅಭ್ಯಾಸ ಮಾಡಿಲ್ಲ, ಅದು ಬಂದಿಲ್ಲ. ಇದರಲ್ಲಿ ನಿಮ್ಮ ಬುದ್ಧಿಶಕ್ತಿಯನ್ನು ಅನುಮಾನಿಸುವಂಥದ್ದೇನೂ ಇಲ್ಲ.

ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು, ಇನ್ನು ಕೆಲವರು ಒಮ್ಮೆ ಓದಿ, ಹಾಳೆಯನ್ನು ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಹಾಳೆ ಮುಚ್ಚಿ ಬರೆದವರು ಸ್ಪಷ್ಟವಾಗಿ ಮುಂದೆ ಬಂದಿದ್ದರು. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಮಾತ್ರ ಮೊದಲ ಗುಂಪಿನವರಿಗೇ ಹೆಚ್ಚಾಗಿತ್ತು. ಅದೇ ಭರವಸೆ ವಿಡಿಯೋ ನೋಡುವಾಗ ನಿಮಗೂ ಬರುತ್ತಿದೆ. ಅದರಲ್ಲೂ ವಿಡಿಯೋ ಮಾಡುವವರು ತಮ್ಮ ತಪ್ಪುಗಳನ್ನು ಕತ್ತರಿಸಿ ತೆಗೆದಿರುತ್ತಾರೆ, ಹೀಗಾಗಿ ಪ್ರೋಗ್ರಾಂ ಬರೆಯುವವರು ನಿಜವಾಗಿ ಹೆಚ್ಚು ಹೊತ್ತು ಮಾಡುವ ಕೆಲಸ, ಅಂದರೆ ಎರರ್ ಬಂದಾಗ ಯಾವ ಸಾಲಿನಲ್ಲಿ ಏನು ತಪ್ಪಿದೆ ಎಂದು ಹುಡುಕುವುದು, ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಒಂದು ತಿಂಗಳು ಹೊಸ ವಿಡಿಯೋ ನೋಡುವುದನ್ನು ನಿಲ್ಲಿಸಿ. ನೀವು ವಾಣಿಜ್ಯ ಓದಿದವರಾದ್ದರಿಂದ ನಿಮಗೆ ಗೊತ್ತಿರುವ ಲೆಕ್ಕವನ್ನೇ ತೆಗೆದುಕೊಳ್ಳಿ: ಅಸಲು, ಬಡ್ಡಿ ದರ, ಅವಧಿ ಕೊಟ್ಟರೆ ಸರಳ ಬಡ್ಡಿ ಹೇಳುವ ಪ್ರೋಗ್ರಾಂ. ಯಾವುದನ್ನೂ ನೋಡದೆ ಬರೆಯಿರಿ. ಸಿಕ್ಕಿಬಿದ್ದ ಜಾಗದಲ್ಲಿ ಮಾತ್ರ ಪುಸ್ತಕ ತೆರೆಯಿರಿ. ಮರುದಿನ ಅದನ್ನು ಅಳಿಸಿ ಮತ್ತೆ ಖಾಲಿ ಪುಟದಿಂದ ಬರೆಯಿರಿ, ಅದು ಬಂದ ಮೇಲೆ ಚಕ್ರಬಡ್ಡಿಗೆ ಹೋಗಿ. ಮೊದಲ ವಾರ ಈಗಿನದಕ್ಕಿಂತ ಹೆಚ್ಚು ಹಿಂಸೆಯೆನಿಸುತ್ತದೆ, ಅದಕ್ಕೆ ಸಿದ್ಧರಾಗಿರಿ.

ಪ್ರಶ್ನೆ: ನಿವೃತ್ತ ಶಿಕ್ಷಕ, ಅರವತ್ತೆರಡು ವರ್ಷ. ಬಾಲ್ಯದಲ್ಲಿ ಎರಡು ವರ್ಷ ಕರ್ನಾಟಕ ಸಂಗೀತ ಕಲಿತು ಬಿಟ್ಟಿದ್ದೆ. ಈಗ ಮತ್ತೆ ಆರಂಭಿಸಿದ್ದೇನೆ. ಮಕ್ಕಳ ಜೊತೆ ಕುಳಿತು ಜಂಟಿ ವರಸೆ (ಸ್ವರಗಳನ್ನು ಜೋಡಿಯಾಗಿ ಹಾಡುವ ಆರಂಭದ ಪಾಠ) ಹಾಡುವಾಗ ಮೂರನೆಯ ಕಾಲಕ್ಕೆ ಬಂದ ಕೂಡಲೇ ಎಲ್ಲವೂ ಕಲಸಿಹೋಗುತ್ತದೆ. ಹಿಂದೆ ಕಲಿತದ್ದೆಲ್ಲ ಅಳಿಸಿಹೋಗಿದೆ ಎಂದು ದುಃಖವಾಗುತ್ತದೆ.
(ಅರಕಲಗೂಡು ತಾಲ್ಲೂಕು)

ಉತ್ತರ: ಮಾನ್ಯರೇ, ತಾವು ಕಲಿತದ್ದು ಅಳಿಸಿಹೋಗಿರುವ ಸಾಧ್ಯತೆ ಕಡಿಮೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಉಚ್ಚಾರಣೆಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, ಎರಡನೆಯ ಸಲಕ್ಕೆ ಎಷ್ಟು ಸಮಯ ಉಳಿಯಿತೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಬಾಯಿಗೆ ಬಾರದಷ್ಟು ಮರೆತ ಪಟ್ಟಿಯನ್ನೂ ಎರಡನೆಯ ಸಲ ಕಲಿಯಲು ಮೊದಲಿಗಿಂತ ಕಡಿಮೆ ಸಮಯ ಸಾಕಾಗುತ್ತಿತ್ತು. ತಾವು ಸರಳೆ ವರಸೆಗಳನ್ನು ದಾಟಿ ಜಂಟಿ ವರಸೆಗೆ ಬರಲು ಬಾಲ್ಯದಲ್ಲಿ ಎಷ್ಟು ಕಾಲ ಹಿಡಿಯಿತು, ಈಗ ಎಷ್ಟು ಹಿಡಿಯಿತು ಎಂದು ಒಮ್ಮೆ ನೆನಪಿಸಿಕೊಂಡು ನೋಡಿ.

ವಯಸ್ಸಾದಂತೆ ವೇಗದ ಕೆಲಸಗಳು ಕಷ್ಟವಾಗುವುದು ನಿಜ, ಅದನ್ನು ಮರೆಮಾಚಿ ತಮಗೆ ಧೈರ್ಯ ಹೇಳಲಾರೆ. ಹತ್ತು ವರ್ಷದ ಮಕ್ಕಳ ಮೂರನೆಯ ಕಾಲವನ್ನು ಬೆನ್ನಟ್ಟಬೇಡಿ. ಮೂರನೆಯ ಕಾಲವೆಂದರೆ ಮೊದಲನೆಯದರ ನಾಲ್ಕು ಪಟ್ಟು ವೇಗ, ಆದ್ದರಿಂದ ಮೊದಲ ಕಾಲವನ್ನು ಎಲ್ಲಿ ಹಿಡಿಯುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮನೆಯಲ್ಲಿ ಮೊದಲ ಕಾಲವನ್ನು ತರಗತಿಯಲ್ಲಿ ಹಿಡಿಯುವುದಕ್ಕಿಂತ ಬಹಳ ನಿಧಾನವಾಗಿ ಆರಂಭಿಸಿ, ಈ ವರಸೆಗಳ ರಾಗವಾದ ಮಾಯಾಮಾಳವಗೌಳದ ರಿಷಭ ಮತ್ತು ಧೈವತಗಳು ಶ್ರುತಿಗೆ ಸರಿಯಾಗಿ ನಿಲ್ಲುತ್ತವೆಯೇ ಎಂದು ಮೊದಲು ಗಮನಿಸಿ. ವಾರಕ್ಕೊಮ್ಮೆ ಒಂದೇ ವರಸೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಇಟ್ಟುಕೊಂಡರೆ, ಹಾಡುವ ಹೊತ್ತಿನಲ್ಲಿ ತಿಳಿಯದ ಬದಲಾವಣೆ ಆಮೇಲೆ ಕೇಳುವಾಗ ತಿಳಿಯುತ್ತದೆ.

ತಮ್ಮ ತಾಲ್ಲೂಕಿನಲ್ಲೇ ಇರುವ ರುದ್ರಪಟ್ಟಣ ಸಂಗೀತಗಾರರ ಊರು. ಅಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ 2014ರಲ್ಲಿ ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ಅವರು ಕಛೇರಿ ಮಾಡಿದ್ದರು. ಬಾಲ್ಯದಿಂದ ಸಾಧನೆ ಮಾಡಿದವರ ಉದಾಹರಣೆಯನ್ನು ಈಗ ಮರಳಿ ಆರಂಭಿಸಿದವರಿಗೆ ಹೇಳುವುದು ಪೂರ್ತಿ ನ್ಯಾಯವಲ್ಲ ಎಂದು ಬಲ್ಲೆ. ಆದರೂ ಅರವತ್ತೆರಡಕ್ಕೆ ಕಂಠದ ಕಾಲ ಮುಗಿಯಿತು ಎಂಬ ಮಾತಿಗೆ ಅದು ತಕ್ಕ ಉತ್ತರ.

ಪ್ರಶ್ನೆ: ನಾನು ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರದ ಗುಮಾಸ್ತ. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಮತ್ತು ಕೂಲಿ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಮಾಡುವುದನ್ನು ಕಲಿಯಬೇಕೆಂದು ಪ್ರತಿ ವರ್ಷ ಆರಂಭಿಸುತ್ತೇನೆ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವವರೆಗೆ ಉಸಿರಾಡಲು ಬಿಡುವಿರುವುದಿಲ್ಲ. ಆಮೇಲೆ ಮತ್ತೆ ಮೊದಲ ಪಾಠದಿಂದ ಆರಂಭ. ನನಗೆ ಶಿಸ್ತಿಲ್ಲ ಎಂದು ನನ್ನ ಮೇಲೇ ಸಿಟ್ಟು ಬರುತ್ತದೆ.
(ಮೂಡಿಗೆರೆ)

ಉತ್ತರ: ಕೊಯ್ಲಿನ ಕಾಲದಲ್ಲಿ ತೋಟದ ರೈಟರ್ ಆಗಿರುವವರು ಬೆಳಗಿನಿಂದ ಕಣದ ಮೇಲೂ ತೂಕದ ಬಳಿಯೂ ನಿಂತಿರಬೇಕಾಗುತ್ತದೆ. ಅದನ್ನು ಶಿಸ್ತಿಲ್ಲದಿರುವಿಕೆ ಎಂದು ಕರೆಯುವುದು ನಿಮಗೆ ನೀವೇ ಮಾಡಿಕೊಳ್ಳುವ ಅನ್ಯಾಯ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ದಿನನಿತ್ಯದ ಅಭ್ಯಾಸಗಳನ್ನು ಅಧ್ಯಯನ ಮಾಡಿ, ಒಂದು ಕೆಲಸ ರೂಢಿಯಾಗಲು ಸರಾಸರಿ 66 ದಿನ ಹಿಡಿಯುತ್ತದೆ, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗುತ್ತದೆ ಎಂದು ಅಂದಾಜು ಮಾಡಿದರು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಇಪ್ಪತ್ತೊಂದು ದಿನ ತಪ್ಪದೆ ಮಾಡಿದರೆ ಸಾಕು, ಒಂದು ದಿನ ತಪ್ಪಿದರೆ ಎಲ್ಲ ಹೋಯಿತು ಎನ್ನುವ ಮಾತುಗಳನ್ನು ನಂಬಿ ಎದೆಗುಂದಬೇಡಿ.

ಹಾಗೆಂದು ಒಂದು ದಿನ ತಪ್ಪುವುದೂ ನಾಲ್ಕು ತಿಂಗಳು ನಿಲ್ಲುವುದೂ ಒಂದೇ ಅಲ್ಲ. ಕೊಯ್ಲಿನ ದಿನಗಳಲ್ಲಿ ಪಾಠ ಬೇಡ, ಆದರೆ ಹೇಗೂ ಬರೆಯಲೇಬೇಕಾದ ಚೆಕ್‌ರೋಲಿನ ಒಂದು ಕಾಲಂ ಅನ್ನು ಮಾತ್ರ, ಉದಾಹರಣೆಗೆ ಒಬ್ಬೊಬ್ಬರು ಕೊಯ್ದ ಹಣ್ಣಿನ ಕಿಲೋಗಳನ್ನು, ಎಕ್ಸೆಲ್‌ನಲ್ಲಿ ತುಂಬಿ ಕೆಳಗೆ ಸಮ್ ಸೂತ್ರದಿಂದ ಒಟ್ಟು ತೆಗೆಯಿರಿ. ಉಳಿದದ್ದು ಪುಸ್ತಕದಲ್ಲೇ ಇರಲಿ. ಮಾರ್ಚ್ ನಂತರ ಮತ್ತೆ ಕುಳಿತಾಗ ಮೊದಲ ಪಾಠಕ್ಕೆ ಹೋಗದೆ, ಹಿಂದಿನ ವರ್ಷ ನಿಲ್ಲಿಸಿದ ಪಾಠದ ಲೆಕ್ಕವನ್ನೇ ಮಾಡಲು ಪ್ರಯತ್ನಿಸಿ, ಬಾರದಿರುವುದನ್ನು ಮಾತ್ರ ಮತ್ತೆ ಓದಿ. ಮರೆತದ್ದನ್ನು ಮರಳಿ ಕಲಿಯುವುದು ಬೇಗ ಆಗುತ್ತದೆ ಎಂದು ಮೇಲಿನ ಉತ್ತರದಲ್ಲಿ ಬರೆದದ್ದು ನಿಮಗೂ ಅನ್ವಯಿಸುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಸೂತ್ರಗಳನ್ನು ಕಾಗದದ ಮೇಲೆ ಬರೆದು ನೋಡುವುದೂ ಅಭ್ಯಾಸವೇ.

ಪ್ರಶ್ನೆ: ಹತ್ತು ವರ್ಷದ ಮಗಳು ಮೊದಲು ಗೋಡೆ, ಪುಸ್ತಕ ಎಲ್ಲೆಂದರಲ್ಲಿ ಚಿತ್ರ ಬಿಡಿಸುತ್ತಿದ್ದಳು. ತರಗತಿಗೆ ಸೇರಿಸಿ, ಮುಂದೆ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಪಾಸು ಮಾಡಿದರೆ ಸೈಕಲ್ ಕೊಡಿಸುತ್ತೇನೆ ಎಂದು ಹೇಳಿದೆ. ಈಗ ಪೆನ್ಸಿಲ್ ಹಿಡಿಯಲು ಬೇಸರ ಮಾಡಿಕೊಳ್ಳುತ್ತಾಳೆ. “ಎಷ್ಟು ಬಿಡಿಸಿದರೂ ಸರಿ ಬರುವುದಿಲ್ಲ” ಎಂದು ಅಳುತ್ತಾಳೆ.
(ತಂದೆ, ಬೇಲೂರು)

ಉತ್ತರ: ನಿಮ್ಮ ಪತ್ರದಲ್ಲಿರುವಂಥ ಸಂಗತಿಯನ್ನೇ ಮಾರ್ಕ್ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ 1973ರಲ್ಲಿ ವರದಿ ಮಾಡಿದ್ದಾರೆ. ಸ್ವಂತ ಇಷ್ಟದಿಂದ ಚಿತ್ರ ಬಿಡಿಸುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿ ಕೊಟ್ಟರು. ಕೆಲವು ದಿನಗಳ ನಂತರ ಆ ಮಕ್ಕಳು ಬಿಡುವಿನ ಹೊತ್ತಿನಲ್ಲಿ ಚಿತ್ರ ಬಿಡಿಸುವುದು ಉಳಿದವರಿಗಿಂತ ಕಡಿಮೆಯಾಗಿತ್ತು. ಮೊದಲೇ ಹೇಳದೆ, ಅನಿರೀಕ್ಷಿತವಾಗಿ ಪ್ರಶಸ್ತಿಪತ್ರ ಪಡೆದ ಮಕ್ಕಳಲ್ಲಿ ಆಸಕ್ತಿ ಕುಗ್ಗಲಿಲ್ಲ. ನೀವು ಪ್ರೀತಿಯಿಂದಲೇ ಸೈಕಲ್ಲಿನ ಮಾತು ಕೊಟ್ಟಿದ್ದೀರಿ, ಅದರಲ್ಲಿ ಸಂಶಯವಿಲ್ಲ. ಆದರೆ ಅಂದಿನಿಂದ ಪ್ರತಿಯೊಂದು ವಕ್ರವಾದ ಗೆರೆಯೂ ಅವಳಿಗೆ ಸೈಕಲ್ ಕೈತಪ್ಪುವ ಭಯವಾಗಿ ಕಂಡಿರಬೇಕು.

ಕೆಲವು ತಿಂಗಳು ಪರೀಕ್ಷೆಯ ಮಾತೆತ್ತಬೇಡಿ. ನೀವು ಇರುವುದು ಬೇಲೂರಿನಲ್ಲಿ. ಭಾನುವಾರ ಬೆಳಿಗ್ಗೆ ಅವಳಿಗೊಂದು ಖಾಲಿ ಪುಸ್ತಕ ಕೊಟ್ಟು ಚೆನ್ನಕೇಶವ ದೇವಾಲಯಕ್ಕೆ ಕರೆದುಕೊಂಡು ಹೋಗಿ, ಯಾವುದನ್ನು ಬಿಡಿಸಬೇಕೆಂದು ಅವಳೇ ಆರಿಸಿಕೊಳ್ಳಲಿ. ಇಡೀ ಮದನಿಕೆಯನ್ನು ಬಿಡಿಸಲು ದೊಡ್ಡವರಿಗೂ ಕಷ್ಟ. ಗೋಡೆಯ ಕೆಳಸಾಲಿನ ಒಂದು ಆನೆ, ಅದರಲ್ಲೂ ಸೊಂಡಿಲು ಮಾತ್ರ ಬಿಡಿಸಿದರೂ ಸಾಕು. 1117ರಲ್ಲಿ ಪ್ರತಿಷ್ಠಾಪನೆಯಾದ ಆ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ಶಿಲ್ಪಗಳಲ್ಲಿ ತಮ್ಮ ಹೆಸರು ಕೆತ್ತಿಸಿದ್ದಾರೆ. ಆ ತಂದೆ ಮಗನ ವಿಷಯವನ್ನು ಅವಳಿಗೆ ಹೇಳಿ, ಅವಳೂ ತನ್ನ ಚಿತ್ರದ ಕೆಳಗೆ ಹೆಸರು, ದಿನಾಂಕ ಬರೆಯಲಿ. ಅವಳು ಬಿಡಿಸುವಾಗ ಪಕ್ಕದಲ್ಲಿ ಕುಳಿತು ನೀವೂ ಒಂದು ಹಾಳೆಯ ಮೇಲೆ ಅದೇ ಆನೆಯನ್ನು ಬಿಡಿಸಲು ಯತ್ನಿಸಿ. “ಚೆನ್ನಾಗಿದೆ” ಎಂದಷ್ಟೇ ಹೇಳಿ ಸುಮ್ಮನಾಗದೆ, ಸೊಂಡಿಲಿನ ಬಾಗು ಕಳೆದ ವಾರಕ್ಕಿಂತ ಹೇಗೆ ಬದಲಾಗಿದೆ ಎಂದು ಗುರುತಿಸಿ ಹೇಳಿ.

ಸೈಕಲ್ಲಿನ ವಿಷಯಕ್ಕೆ ಬಂದರೆ, ಮಗುವಿಗೆ ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳುವುದು ಸರಿಯಲ್ಲ. ಪರೀಕ್ಷೆಗೆ ಅದನ್ನು ಕಟ್ಟಿಹಾಕಿದ್ದು ತಪ್ಪಾಯಿತೆಂದು ಅವಳಿಗೆ ನೇರವಾಗಿ ಹೇಳಿ, ಶಾಲೆಗೆ ಹೋಗಿಬರಲು ಬೇಕಾಗುತ್ತದೆ ಎಂಬ ಕಾರಣಕ್ಕೆ, ಕೈಯಲ್ಲಿ ಹಣ ಕೂಡಿದಾಗ ಕೊಡಿಸಿಬಿಡಿ.